ಗಾಜಿನ ತೊಟ್ಟಿಯಲ್ಲಿ ಅಲಂಕಾರದ ಮೀನುಗಳನ್ನು ಸಾಕುವ ಕ್ರಮ
(ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಗಳಲ್ಲಿ ಹೊಸದಾಗಿ ಆರಂಭಿಸುವವರಿಗೆ)

ಪಶ್ಚಿಮ ಘಟ್ಟಗಳ ಬುಡದಿಂದ ಕಡಲಿನ ಕಡೆಗೆ ಇಳಿದುಬರುವ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಸೀಮೆಗಳು ನೀರಿನಿಂದ ಸಮೃದ್ಧವಾದವು. ನೇತ್ರಾವತಿಯು ಧರ್ಮಸ್ಥಳದ ಬಳಿಯಿಂದ ಹರಿದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟ್ವಾಳವನ್ನು ದಾಟಿ ಸಮುದ್ರವನ್ನು ಸೇರುವುದು. ವೇಣೂರಿನ ಬದಿಯಲ್ಲಿ ಫಲ್ಗುಣಿಯು ಹರಿಯುವುದು. ಮೂಡುಬಿದಿರೆಯು ಬಸದಿಗಳಿಗೆ ಹೇಗೋ ಹಾಗೆ ಕೆರೆಗಳಿಗೂ ಹೆಸರಾದ ಊರು. ಇಲ್ಲಿಯ ಜನರಿಗೆ ಮೀನನ್ನು ಪ್ರೀತಿಯಿಂದ ನೋಡುವ ಅಭ್ಯಾಸವೂ ಹೊಸದಲ್ಲ. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಕಪಿಲಾ ನದಿಯ ಮತ್ಸ್ಯತೀರ್ಥದಲ್ಲಿರುವ ಪೆರುವೋಳು ಮೀನುಗಳನ್ನು ದೇವರ ಮೀನುಗಳೆಂದು ಭಾವಿಸಿ, ಹಿಡಿಯದೆ ಕಾಪಾಡುತ್ತ ಬಂದಿದ್ದಾರೆ. ೧೯೯೬ರಲ್ಲಿ ದುಷ್ಕರ್ಮಿಗಳು ನೀರಿಗೆ ವಿಷವಿಕ್ಕಿದ ಕಾರಣ ಅಲ್ಲಿಯ ಮೀನುಗಳು ರಾಶಿರಾಶಿಯಾಗಿ ಸತ್ತಾಗ, ಅವುಗಳಿಗೆ ಒಂದು ಸ್ಮಾರಕವನ್ನೂ ಕಟ್ಟಿಸಲಾಯಿತು.

ಇಂಥ ಸೀಮೆಯಲ್ಲಿ ಈಗ ಅಕ್ವೇರಿಯಮೆಂದು ಕರೆಯಲ್ಪಡುವ ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನುಗಳನ್ನು ಸಾಕುವ ಹವ್ಯಾಸವು ಮನೆಮನೆಗೂ ಬರುತ್ತಿರುವುದು. ಆದರೆ ಹೊಸಬರಲ್ಲಿ ಬಹುಮಂದಿಯ ಅನುಭವವು ಒಂದೇ ತೆರನಾದುದು. ಒಂದೇ ದಿನ ಪೇಟೆಯಿಂದ ತೊಟ್ಟಿಯನ್ನೂ ಮೀನುಗಳನ್ನೂ ತಂದು, ಬಾವಿಯ ತಿಳಿನೀರನ್ನು ತುಂಬಿ, ಮೀನುಗಳನ್ನು ಬಿಡುವರು. ಮೊದಲ ವಾರ ಎಲ್ಲವೂ ಚೆನ್ನಾಗಿರುವುದು. ಎರಡನೆಯ ಮೂರನೆಯ ವಾರಗಳಲ್ಲಿ ಮೀನುಗಳು ನೀರಿನ ಮೇಲುಭಾಗಕ್ಕೆ ಬಂದು ಬಾಯಿ ತೆರೆಯುತ್ತ, ಒಂದೊಂದಾಗಿ ಸಾಯತೊಡಗುವುವು. ಮನೆಯ ಮಕ್ಕಳು ಅಳುವರು. ಹಿರಿಯರು ಮೀನು ಮಾರಿದವನನ್ನೋ ದೃಷ್ಟಿದೋಷವನ್ನೋ ದೂರುವರು. ತೊಟ್ಟಿಯು ಅಟ್ಟವನ್ನು ಸೇರುವುದು. ಈ ನಷ್ಟಕ್ಕೆ ಹೆಚ್ಚಿನ ಸಂದರ್ಭಗಳಲ್ಲಿ ಕಾರಣವು ರೋಗವಲ್ಲ, ನೀರು. ಮೀನನ್ನು ಸಾಕುವುದೆಂದರೆ ಮೊದಲು ನೀರನ್ನು ಸಾಕುವುದು ಎಂಬುದನ್ನು ಮನಗಂಡವನಿಗೆ ಈ ವಿದ್ಯೆಯಲ್ಲಿ ಕಷ್ಟವಾದುದು ಬಹಳವಿಲ್ಲ.

ಈ ಸೀಮೆಯ ನೀರಿನ ಗುಣ

ಇಲ್ಲಿಯ ಬಾವಿಗಳನ್ನು ಬಹುಮಟ್ಟಿಗೆ ಮುರಕಲ್ಲಿನ ನೆಲದಲ್ಲಿ ತೋಡಿರುವರು. ವರ್ಷಂಪ್ರತಿ ಮೂರುಸಾವಿರ ಮಿಲಿಮೀಟರಿಗೂ ಮೀರಿ ಸುರಿಯುವ ಮಳೆಯು ಈ ನೆಲದಲ್ಲಿದ್ದ ಸುಣ್ಣದ ಅಂಶವನ್ನು ಯುಗಯುಗಗಳಿಂದ ತೊಳೆದುಕೊಂಡು ಹೋಗಿದೆ. ಆದಕಾರಣ ಬಾವಿಯ ನೀರು ಸಾಮಾನ್ಯವಾಗಿ ಮೆದುವಾದುದು. ಸಾಬೂನು ಬೇಗನೆ ನೊರೆಗೊಡುವುದರಿಂದಲೇ ಇದನ್ನು ತಿಳಿಯಬಹುದು. ಅದು ತುಸು ಹುಳಿಗುಣವುಳ್ಳದ್ದೂ ಆಗಿರುವುದು. ನೀರಿನ ಹುಳಿ ಮತ್ತು ಕ್ಷಾರಗುಣಗಳನ್ನು ಅಳೆಯುವುದಕ್ಕೆ ಪಿ.ಎಚ್. ಎಂಬ ಮಾನವಿದೆ. ೭ ಎಂಬುದು ಸಮಸ್ಥಿತಿ. ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಮುರಕಲ್ಲಿನ ಬಾವಿಗಳ ನೀರು ಅನೇಕ ವೇಳೆ ೬ರ ಆಸುಪಾಸಿನಲ್ಲಿ ಇರುವುದು. ಕುಡಿಯುವವರಿಗೆ ಇದರಿಂದ ಬಾಧಕವಿಲ್ಲ. ಆದರೆ ಇಂಥ ನೀರಿಗೆ ಹುಳಿಯನ್ನು ತಾಳಿಕೊಳ್ಳುವ ಶಕ್ತಿ, ಎಂದರೆ ಕ್ಷಾರತ್ವ, ಬಹಳ ಕಡಿಮೆ. ಈ ಒಂದು ಸಂಗತಿಯನ್ನು ಬೇರೆ ಸೀಮೆಗಳಿಗಾಗಿ ಬರೆದ ಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲ.

ನಳ್ಳಿಯ ನೀರನ್ನು ಬಳಸುವ ಪೇಟೆಯವರು ಅದರಲ್ಲಿರುವ ಕ್ಲೋರಿನ್ನಿನ ವಿಷಯದಲ್ಲಿ ಎಚ್ಚರವಾಗಿರತಕ್ಕದ್ದು. ಬಾಯಗಲವಾದ ಪಾತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟರೆ ಅದು ಹೆಚ್ಚುಕಡಿಮೆ ಹಾರಿಹೋಗುವುದು. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪುಡಿಯನ್ನು ಹಾಕಿದ್ದರೆ ಆ ನೀರಿಗೂ ಇದೇ ನಿಯಮವು ಅನ್ವಯಿಸುವುದು. ಬಾವಿಯ ನೀರನ್ನು ಸಹ ಸೇದಿದ ಕೂಡಲೇ ತೊಟ್ಟಿಗೆ ಹಾಕಕೂಡದು. ನೆಲದೊಳಗಿನ ನೀರಿನಲ್ಲಿ ಇಂಗಾಲಾಮ್ಲವಾಯುವು ಹೆಚ್ಚಾಗಿ ಕರಗಿರುವುದರಿಂದ ಒಂದು ರಾತ್ರಿ ಗಾಳಿಯಾಡಲು ಬಿಟ್ಟು, ಮಾರನೆಯ ದಿನ ಉಪಯೋಗಿಸುವುದು ಉತ್ತಮ.

ತೊಟ್ಟಿ

ಹೊಸಬನು ಸಣ್ಣ ತೊಟ್ಟಿಯಿಂದ ಆರಂಭಿಸುವುದು ಸುಲಭವೆಂದು ತಿಳಿಯುವನು. ವಾಸ್ತವವು ಇದಕ್ಕೆ ವಿಪರೀತವಾದುದು. ನೀರು ಕಡಿಮೆಯಾದಷ್ಟೂ ಅದರ ಗುಣವು ಬೇಗನೆ ಕೆಡುವುದು. ಮೇಜಿನ ಮೇಲಿಡುವ ದುಂಡನೆಯ ಗಾಜಿನ ಬೋಗುಣಿಯು ನೋಟಕ್ಕೆ ಅಂದವಾದರೂ ಮೀನಿಗೆ ಸೆರೆಮನೆ. ೬೦ ಸೆಂಟಿಮೀಟರ್ ಉದ್ದ, ೩೦ ಸೆಂಟಿಮೀಟರ್ ಅಗಲ, ೩೬ ಸೆಂಟಿಮೀಟರ್ ಎತ್ತರದ ತೊಟ್ಟಿಯು ಆರಂಭಕ್ಕೆ ತಕ್ಕದ್ದು. ಇದರಲ್ಲಿ ಸುಮಾರು ೫೫ ಲೀಟರ್ ನೀರು ನಿಲ್ಲುವುದು. ನೀರು, ಗಾಜು, ಕಲ್ಲುಗಳೆಲ್ಲ ಸೇರಿ ಭಾರವು ೭೦ ಕಿಲೋಗ್ರಾಮನ್ನು ಮೀರಬಹುದಾದ್ದರಿಂದ ಸಮತಟ್ಟಾದ ಗಟ್ಟಿ ಮೇಜಿನ ಮೇಲೆ, ನೇರ ಬಿಸಿಲು ಬೀಳದ ಕಡೆ ಇಡತಕ್ಕದ್ದು.

ಗಾಳಿಯ ಪಂಪಿನಿಂದ ನಡೆಯುವ ಸ್ಪಂಜಿನ ಫಿಲ್ಟರೊಂದು ಇಷ್ಟು ದೊಡ್ಡ ತೊಟ್ಟಿಗೆ ಸಾಕು. ಈ ಸೀಮೆಯ ಹವೆಯಲ್ಲಿ ನೀರು ವರ್ಷದ ಬಹುಭಾಗ ೨೪ರಿಂದ ೨೯ ಡಿಗ್ರಿ ಸೆಂಟಿಗ್ರೇಡಿನವರೆಗೆ ತಾನಾಗಿಯೇ ಇರುವುದರಿಂದ, ಚಳಿದೇಶದವರು ಉಪಯೋಗಿಸುವ ಹೀಟರಿನ ಆವಶ್ಯಕತೆಯು ಸಾಮಾನ್ಯವಾಗಿ ಇಲ್ಲ. ಅಂಗಳದಲ್ಲಿ ಸಿಮೆಂಟಿನ ತೊಟ್ಟಿಯನ್ನು ಕಟ್ಟಿಸುವವರು ಅದಕ್ಕೆ ನೀರು ತುಂಬಿ, ಕೆಲವು ದಿನಗಳಿಗೊಮ್ಮೆ ಚೆಲ್ಲಿ, ಹೊಸ ನೀರು ತುಂಬುತ್ತ ಮೂರು ವಾರಗಳ ಕಾಲ ನೆನೆಸಬೇಕು. ಹಸಿ ಸಿಮೆಂಟಿನಿಂದ ಬಿಡುವ ಸುಣ್ಣವು ಮೀನುಗಳ ಕಿವಿರುಗಳನ್ನು ಸುಡುವುದು.

ಮೀನಿಗಿಂತ ಮೊದಲು ನೀರು

ಮೀನಿನ ಮಲ, ತಿನ್ನದೆ ಉಳಿದ ಆಹಾರ, ಕೊಳೆತ ಎಲೆ ಇವೆಲ್ಲವುಗಳಿಂದ ಅಮೋನಿಯ ಎಂಬ ವಿಷವು ಹುಟ್ಟುವುದು. ಹೊಳೆಯಲ್ಲಿ ಇದು ಹರಿದುಹೋಗುವುದು, ತೊಟ್ಟಿಯಲ್ಲಿ ಹಾಗಲ್ಲ. ಆದರೆ ಪ್ರಕೃತಿಯು ಇದಕ್ಕೆ ಪರಿಹಾರವನ್ನೂ ಒದಗಿಸಿದೆ. ಒಂದು ಬಗೆಯ ಸೂಕ್ಷ್ಮಜೀವಿಗಳು ಅಮೋನಿಯವನ್ನು ನೈಟ್ರೈಟನ್ನಾಗಿಯೂ, ಮತ್ತೊಂದು ಬಗೆಯವು ಆ ನೈಟ್ರೈಟನ್ನು ನೈಟ್ರೇಟನ್ನಾಗಿಯೂ ಮಾರ್ಪಡಿಸುವುವು. ನೈಟ್ರೈಟು ಸಹ ವಿಷವೇ. ನೈಟ್ರೇಟು ಬಹುಮಟ್ಟಿಗೆ ನಿರಪಾಯಕರ. ರೈತನು ಗೊಬ್ಬರಗುಂಡಿಯಲ್ಲಿಯೂ ಗದ್ದೆಯ ಮಣ್ಣಿನಲ್ಲಿಯೂ ನಿತ್ಯ ನಂಬಿಕೊಂಡಿರುವ ಕೆಲಸಗಾರರೇ ಇವರು. ಸ್ಪಂಜಿನ ರಂಧ್ರಗಳಲ್ಲಿಯೂ ಮರಳಿನ ಕಣಗಳ ಮೇಲೆಯೂ ಇವು ನೆಲೆಗೊಳ್ಳಲು ನಾಲ್ಕರಿಂದ ಆರು ವಾರಗಳು ಹಿಡಿಯುವುವು. ಹೊಸ ತೊಟ್ಟಿಯ ಮೀನುಗಳು ಎರಡನೆಯ ಮೂರನೆಯ ವಾರಗಳಲ್ಲಿ ಸಾಯುವುದು ಏಕೆಂಬುದು ಇದರಿಂದ ಸ್ಪಷ್ಟವಾಗುವುದು: ವಿಷವು ಹುಟ್ಟಿದೆ, ಅದನ್ನು ಕಳೆಯುವವು ಇನ್ನೂ ಬಂದಿಲ್ಲ.

ಆದುದರಿಂದ ತೊಟ್ಟಿಯನ್ನು ಸಿದ್ಧಪಡಿಸುವ ಕ್ರಮವು ಹೀಗಿರತಕ್ಕದ್ದು. ತೊಳೆದ ಹೊಳೆಮರಳನ್ನು ನಾಲ್ಕು ಬೆರಳು ದಪ್ಪಕ್ಕೆ ಹಾಸಿ, ಹೈಡ್ರಿಲ್ಲ, ವ್ಯಾಲಿಸ್ನೇರಿಯ ಮೊದಲಾದ ನೀರುಗಿಡಗಳನ್ನು ಚೆನ್ನಾಗಿ ತೊಳೆದು ನೆಟ್ಟು, ನೀರು ತುಂಬಿ ಫಿಲ್ಟರನ್ನು ನಡೆಯಿಸಬೇಕು. ಮೀನನ್ನು ಬಿಡದೆಯೇ ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಹಾಕುತ್ತ ಬರಬೇಕು. ಬಲ್ಲವರ ಆರೋಗ್ಯವಾದ ತೊಟ್ಟಿಯಿಂದ ಹಳೆಯ ಸ್ಪಂಜಿನ ತುಂಡೊಂದನ್ನು ತಂದು ಹಾಕಿದರೆ, ಹಾಲಿಗೆ ಹೆಪ್ಪು ಕೊಟ್ಟಂತೆ, ಕಾಲವು ಬಹಳ ಉಳಿಯುವುದು. ಅಮೋನಿಯ ಮತ್ತು ನೈಟ್ರೈಟುಗಳನ್ನು ಪರೀಕ್ಷಿಸುವ ದ್ರವಗಳು ಅಂಗಡಿಗಳಲ್ಲಿ ದೊರೆಯುವುವು. ಇವೆರಡೂ ಒಮ್ಮೆ ಏರಿ ಶೂನ್ಯಕ್ಕೆ ಇಳಿದ ಮೇಲೆಯೇ ಮೀನನ್ನು ತರತಕ್ಕದ್ದು. ಕೆಲವೇ ವಾರಗಳ ಈ ತಾಳ್ಮೆಯು ಮುಂದಿನ ಅನೇಕ ವರ್ಷಗಳ ನಷ್ಟವನ್ನು ತಪ್ಪಿಸುವುದು.

ಚಿಪ್ಪಿನ ಉಪಾಯ

ಈ ಸೀಮೆಯಲ್ಲಿ ಮಾತ್ರ ಇಷ್ಟಕ್ಕೇ ಕೆಲಸವು ಮುಗಿಯದು. ಮೇಲ್ಕಂಡ ಸೂಕ್ಷ್ಮಜೀವಿಗಳು ತಮ್ಮ ಕೆಲಸದಲ್ಲಿ ನೀರಿನ ಕ್ಷಾರತ್ವವನ್ನು ವೆಚ್ಚಮಾಡುವುವು. ಅಮೋನಿಯ ರೂಪದ ಒಂದು ಮಿಲಿಗ್ರಾಮ್ ಸಾರಜನಕವನ್ನು ಮಾರ್ಪಡಿಸಲು ಸುಮಾರು ೭ ಮಿಲಿಗ್ರಾಮ್ ಸುಣ್ಣಕಲ್ಲಿಗೆ ಸಮನಾದ ಕ್ಷಾರತ್ವವು ವ್ಯಯವಾಗುವುದು. ಬಯಲುಸೀಮೆಯ ಗಡಸುನೀರಿನಲ್ಲಿ ಇದಕ್ಕೆ ಕೊರತೆಯಿಲ್ಲ. ನಮ್ಮ ಮೆದುನೀರಿನಲ್ಲಿಯಾದರೋ ಕೆಲವು ತಿಂಗಳುಗಳಲ್ಲಿ ಬಂಡವಾಳವೇ ಮುಗಿದು ಪಿ.ಎಚ್. ಮಾನವು ೬ಕ್ಕಿಂತಲೂ ಕೆಳಗೆ ಇಳಿಯುವುದು. ಸೂಕ್ಷ್ಮಜೀವಿಗಳು ಕೆಲಸವನ್ನು ನಿಲ್ಲಿಸುವುವು. ಅಮೋನಿಯವು ಸಂಗ್ರಹವಾಗುತ್ತ ಹೋಗುವುದು.

ಹೀಗಿದ್ದರೂ ಮೀನುಗಳು ಸ್ವಲ್ಪ ಕಾಲ ಬದುಕಿರುವುದನ್ನು ಕಂಡು ಯಜಮಾನನು ಮೋಸಹೋಗುವನು. ಹುಳಿನೀರಿನಲ್ಲಿ ಅಮೋನಿಯವು ಹೆಚ್ಚು ವಿಷವಲ್ಲದ ಅಮೋನಿಯಂ ರೂಪದಲ್ಲಿರುವುದೇ ಇದಕ್ಕೆ ಕಾರಣ. ಪಿ.ಎಚ್. ಒಂದು ಅಂಕ ಏರಿದರೆ ವಿಷರೂಪದ ಅಮೋನಿಯವು ಹೆಚ್ಚುಕಡಿಮೆ ಹತ್ತುಪಾಲಾಗುವುದು. ಒಂದು ದಿನ ತೊಟ್ಟಿಯು ಕೊಳೆಯಾಗಿದೆಯೆಂದು ಅರ್ಧ ನೀರನ್ನು ಚೆಲ್ಲಿ ಬೇರೆ ಗುಣದ ಹೊಸ ನೀರನ್ನು ತುಂಬಿದಾಗ, ಅಥವಾ ಯಾರದೋ ಮಾತು ಕೇಳಿ ಸುಣ್ಣವನ್ನು ಹಾಕಿದಾಗ, ಮರುದಿನ ಬೆಳಗ್ಗೆ ಮೀನುಗಳೆಲ್ಲ ಸತ್ತು ತೇಲುವುವು. ಶುಚಿಮಾಡಿದ್ದರಿಂದಲೇ ಸತ್ತುವೆಂದು ತಿಳಿದು ಮುಂದೆ ನೀರನ್ನು ಬದಲಿಸದೆ ಇರುವುದು ಎರಡನೆಯ ತಪ್ಪು.

ಇದಕ್ಕೆ ಪರಿಹಾರವು ಕರಾವಳಿಯಲ್ಲಿ ಹೇರಳವಾಗಿ ದೊರೆಯುವ ಮರುವಾಯಿಯ ಚಿಪ್ಪು. ಒಂದು ಹಿಡಿ ಚಿಪ್ಪುಗಳನ್ನು ಚೆನ್ನಾಗಿ ಕುದಿಸಿ, ತಿಕ್ಕಿ ತೊಳೆದು, ಒಣಗಿಸಿ, ಒರಟಾಗಿ ಜಜ್ಜಿ, ತೆಳ್ಳನೆಯ ಬಟ್ಟೆಯ ಚೀಲದಲ್ಲಿ ಕಟ್ಟಿ ಫಿಲ್ಟರಿನ ಬಳಿ ಇಡತಕ್ಕದ್ದು. ನೀರು ಹುಳಿಯಾದಂತೆಲ್ಲ ಚಿಪ್ಪು ಸ್ವಲ್ಪಸ್ವಲ್ಪವಾಗಿ ಕರಗುವುದು. ಹುಳಿ ತಗ್ಗಿದಾಗ ಕರಗುವುದೂ ತಗ್ಗುವುದು. ಹೀಗೆ ನೀರು ತನಗೆ ಬೇಕಾದಷ್ಟನ್ನೇ ತೆಗೆದುಕೊಳ್ಳುವುದು. ಸುಟ್ಟ ಸುಣ್ಣವನ್ನಾಗಲಿ ತಾಂಬೂಲದ ಸುಣ್ಣವನ್ನಾಗಲಿ ಎಂದಿಗೂ ಹಾಕಕೂಡದು. ಅದು ಕ್ಷಣಮಾತ್ರದಲ್ಲಿ ನೀರನ್ನು ತೀಕ್ಷ್ಣಕ್ಷಾರವನ್ನಾಗಿ ಮಾಡುವುದು. ಈಗಾಗಲೇ ಹುಳಿಯಾಗಿರುವ ತೊಟ್ಟಿಯಲ್ಲಿ ದಿನಕ್ಕೆ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ನೀರನ್ನು ಬದಲಿಸಬಾರದು.

ಮೈಲುತುತ್ತಿನ ವಿಷಯದಲ್ಲಿ ಎಚ್ಚರಿಕೆ

ಅಡಕೆಯ ತೋಟವುಳ್ಳ ಮನೆಗಳಿಗೆ ಇದು ಮುಖ್ಯವಾದ ಮಾತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವು, ಮೈಸೂರು ಸಂಸ್ಥಾನದಲ್ಲಿ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ೧೯೧೦ರ ಸುಮಾರಿಗೆ ಆ ರೋಗವನ್ನು ಅಭ್ಯಸಿಸಿದ ಕಾಲದಿಂದ ಬಂದಿರುವ ಉಪಕಾರಕವಾದ ಕ್ರಮ. ಶೇಕಡಾ ಒಂದರ ದ್ರಾವಣದ ಪ್ರತಿ ಲೀಟರಿನಲ್ಲಿ ೧೦ ಗ್ರಾಮ್ ಮೈಲುತುತ್ತು, ಅದರಲ್ಲಿ ಸುಮಾರು ಎರಡೂವರೆ ಗ್ರಾಮ್ ತಾಮ್ರವಿರುವುದು. ಮೆದುನೀರಿನಲ್ಲಿ ಲೀಟರಿಗೆ ಮಿಲಿಗ್ರಾಮಿನ ಹತ್ತನೆಯ ಒಂದು ಭಾಗದಷ್ಟು ಕರಗಿದ ತಾಮ್ರವೂ ಅನೇಕ ಮೀನುಗಳಿಗೆ ಅಪಾಯಕರ. ಲೆಕ್ಕವಿಟ್ಟು ನೋಡಿದರೆ, ಸಣ್ಣ ಚಮಚದ ಅರ್ಧದಷ್ಟು ದ್ರಾವಣದಲ್ಲಿರುವ ತಾಮ್ರವೇ ೫೫ ಲೀಟರ್ ನೀರನ್ನು ಈ ಮಟ್ಟಕ್ಕೆ ತರಲು ಸಾಕು.

ಆದಕಾರಣ ದ್ರಾವಣವನ್ನು ಕದಡಿದ ಪೀಪಾಯಿ, ಬಾಲ್ದಿ, ಕೊಳವೆಗಳನ್ನು ಎಷ್ಟೇ ತೊಳೆದರೂ ಮೀನಿನ ಕೆಲಸಕ್ಕೆ ಉಪಯೋಗಿಸಕೂಡದು. ಸಿಂಪಡಿಸಿ ಬಂದ ಕೈಯನ್ನು ತೊಟ್ಟಿಗೆ ಹಾಕಕೂಡದು. ಅಂಗಳದ ತೊಟ್ಟಿಯನ್ನು ಸಿಂಪಡಿಸುವ ದಿನ ಮುಚ್ಚಿಡಬೇಕು. ತೋಟದ ಮಾಡಿನಿಂದ ಇಳಿದ ಮಳೆನೀರನ್ನು ಅದಕ್ಕೆ ತುಂಬಿಸಬಾರದು. ತಾಮ್ರದ ಹಂಡೆಯಲ್ಲಿ ಇಟ್ಟ ನೀರು ಮನುಷ್ಯನಿಗೆ ಹಿತವಾದರೂ ಮೀನಿಗೆ ವರ್ಜ್ಯ. ಬಿಳಿಚುಕ್ಕೆ ರೋಗಕ್ಕೆಂದು ಮಾರುವ ಕೆಲವು ಔಷಧಗಳಲ್ಲಿಯೂ ತಾಮ್ರವಿರುವುದರಿಂದ ಶೀಸೆಯ ಮೇಲಿನ ಬರಹವನ್ನು ಓದದೆ ಹನಿಯನ್ನೂ ಹಾಕಬಾರದು.

ಮೀನುಗಳ ಆಯ್ಕೆ

ನೀರನ್ನು ಮೀನಿಗೆ ತಕ್ಕಂತೆ ಬದಲಿಸುವುದಕ್ಕಿಂತ, ನೀರಿಗೆ ತಕ್ಕ ಮೀನನ್ನು ಆರಿಸುವುದು ಜಾಣತನ. ಗಪ್ಪಿ, ಮಾಲಿ, ಪ್ಲಾಟಿಗಳು ಅಗ್ಗವೆಂದೂ ಸುಲಭವೆಂದೂ ಹೊಸಬರಿಗೆ ಹೇಳುವುದು ವಾಡಿಕೆ. ಇವು ಗಡಸುನೀರನ್ನು ಮೆಚ್ಚುವ ಮೀನುಗಳಾದುದರಿಂದ ಚಿಪ್ಪಿನ ಸಹಾಯವಿಲ್ಲದ ಮುರಕಲ್ಲಿನ ನೀರಿನಲ್ಲಿ ಸೊರಗುವುವು. ಗೋಲ್ಡ್‌ಫಿಶ್ ಎಂಬ ಹೊಮ್ಮೀನು ತಣ್ಣೀರಿನದು; ಬಹಳ ಬೆಳೆಯುವುದು, ಬಹಳ ಕೊಳೆ ಮಾಡುವುದು; ಸಣ್ಣ ತೊಟ್ಟಿಗೆ ಯೋಗ್ಯವಲ್ಲ.

ಇಲ್ಲಿಯ ನೀರಿಗೆ ಒಗ್ಗುವವುಗಳಲ್ಲಿ ಪಟ್ಟೆಗಳುಳ್ಳ ಝೀಬ್ರಾ ಡ್ಯಾನಿಯೋ ಮೊದಲನೆಯದು. ಇದು ನಮ್ಮ ದೇಶದ್ದೇ ಆದ ಗಟ್ಟಿಜೀವ. ಕಾದಾಡುವ ಮೀನೆಂದು ಹೆಸರಾದ ಸಿಯಾಮಿನ ಬೆಟ್ಟವು ಮೆದುನೀರಿನಲ್ಲಿ ಸುಖವಾಗಿರುವುದು. ಆದರೆ ಎರಡು ಗಂಡುಗಳನ್ನು ಒಟ್ಟಿಗೆ ಬಿಡಕೂಡದು. ಅಮೆಜಾನ್ ನದಿಯ ಟೆಟ್ರಾಗಳೂ ಹುಳಿನೀರಿನವೇ. ಅವು ಸೂಕ್ಷ್ಮವಾದುದರಿಂದ ತೊಟ್ಟಿಯು ನಾಲ್ಕಾರು ತಿಂಗಳು ಹಳತಾದ ಮೇಲೆ ತರತಕ್ಕದ್ದು. ಪಶ್ಚಿಮ ಘಟ್ಟದ ತೋಡುಗಳ ಮೆಲನ್ ಬಾರ್ಬ್ ಮತ್ತು ಪಟ್ಟೆಯ ಪಂಚಾಕ್ಸ್ ಮೀನುಗಳು ಪರದೇಶದ ಮೀನುಗಳಿಗೆ ಅಂದದಲ್ಲಿ ಎಳ್ಳಷ್ಟೂ ಕಡಿಮೆಯಲ್ಲ. ಇವುಗಳನ್ನು ಸಹ ತೊಟ್ಟಿಯಲ್ಲಿ ಮರಿಮಾಡಿಸಿದವರಿಂದ ಕೊಳ್ಳುವುದು ಲೇಸು.

ತೋಡಿನಿಂದ ಹಿಡಿದು ತರುವುದರ ಫಲವೇನೆಂಬುದಕ್ಕೆ ಕೆಂಪುಗೆರೆಯ ಡೆನಿಸನ್ ಬಾರ್ಬ್ ಎಂಬ ಮೀನೇ ದೃಷ್ಟಾಂತ. ಮಿಸ್ ಕೇರಳವೆಂದು ಪ್ರಸಿದ್ಧವಾದ ಇದು ೧೯೯೭ರಲ್ಲಿ ಸಿಂಗಾಪುರದ ಪ್ರದರ್ಶನದಲ್ಲಿ ಲೋಕದ ಕಣ್ಣಿಗೆ ಬಿದ್ದ ಬಳಿಕ, ಘಟ್ಟದ ಹೊಳೆಗಳಿಂದ ಲೆಕ್ಕವಿಲ್ಲದಷ್ಟು ಹಿಡಿಯಲ್ಪಟ್ಟು, ಈಗ ಅಳಿವಿನ ಅಂಚಿನಲ್ಲಿರುವ ಜಾತಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸೇರಿದೆ.

೫೫ ಲೀಟರಿನ ತೊಟ್ಟಿಗೆ ನಾಲ್ಕೈದು ಸೆಂಟಿಮೀಟರ್ ಬೆಳೆಯುವ ಎಂಟರಿಂದ ಹತ್ತು ಮೀನುಗಳು ಸಾಕು. ಮೊದಲು ನಾಲ್ಕನ್ನು ಬಿಟ್ಟು, ಎರಡು ವಾರಗಳ ಬಳಿಕ ಉಳಿದವನ್ನು ತರಬೇಕು. ತಂದ ಚೀಲವನ್ನು ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಿಸಿ, ತೊಟ್ಟಿಯ ನೀರನ್ನು ಸ್ವಲ್ಪಸ್ವಲ್ಪವಾಗಿ ಅದಕ್ಕೆ ಬೆರೆಸಿ, ಅರ್ಧ ಗಂಟೆಯ ಮೇಲೆ ಸಣ್ಣ ಬಲೆಯಿಂದ ಮೀನನ್ನು ಮಾತ್ರ ಎತ್ತಿ ಬಿಡತಕ್ಕದ್ದು. ಚೀಲದ ನೀರನ್ನು ತೊಟ್ಟಿಗೆ ಸುರಿಯಬಾರದು.

ನಿತ್ಯದ ಆರೈಕೆ

ಮೀನು ಹಸಿವಿನಿಂದ ಸಾಯುವುದು ಅಪರೂಪ. ಯಜಮಾನನ ಔದಾರ್ಯದಿಂದ ಸಾಯುವುದೇ ಹೆಚ್ಚು. ಎರಡು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟನ್ನು ದಿನಕ್ಕೆ ಒಂದು ಅಥವಾ ಎರಡು ಸಲ ಹಾಕಬೇಕು. ವಾರಕ್ಕೊಂದು ದಿನ ಉಪವಾಸವಿರಿಸಿದರೂ ಬಾಧಕವಿಲ್ಲ. ವಾರಕ್ಕೊಮ್ಮೆ ನಾಲ್ಕನೆಯ ಒಂದು ಪಾಲು ನೀರನ್ನು ಬದಲಿಸುವುದು ನಿಯಮ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲಿಯೇ ಹಿಂಡಿ ತೊಳೆಯಬೇಕು. ನಳ್ಳಿಯ ನೀರಿನಲ್ಲಿ ತೊಳೆದರೆ ಅದರಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ನಾಶವಾಗುವುವು. ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ತು ನಿಂತಾಗ ಬ್ಯಾಟರಿಯಿಂದ ನಡೆಯುವ ಗಾಳಿಯ ಪಂಪು ಇದ್ದರೆ ಉತ್ತಮ. ಇಲ್ಲವಾದರೆ ಆ ದಿನ ಆಹಾರವನ್ನು ನಿಲ್ಲಿಸಿ, ಗಂಟೆಗೊಮ್ಮೆ ಚೆಂಬಿನಿಂದ ತೊಟ್ಟಿಯ ನೀರನ್ನೇ ಎತ್ತಿ ಮೇಲಿನಿಂದ ಹೊಯ್ಯಬೇಕು, ಚೆಂಬು ತಾಮ್ರದ್ದಾಗಿರಕೂಡದು.

ಕೆರೆಗೂ ತೋಡಿಗೂ ಬಿಡಕೂಡದು

ಬೇಸರವಾದ ಮೀನನ್ನು ಕೊಲ್ಲಲಾರದೆ ಕೆರೆಗೆ ಬಿಡುವುದು ದಯೆಯೆಂದು ತೋರಬಹುದು. ಅದು ಒಂದು ಜೀವಕ್ಕೆ ದಯೆ, ಸಾವಿರ ಜೀವಗಳಿಗೆ ಕೇಡು. ಆಟಿಯ ಮಳೆಗೆ ಕೆರೆಯು ತುಂಬಿ ತೋಡಿಗೆ, ತೋಡು ಹೊಳೆಗೆ ಹರಿಯುವ ಈ ಸೀಮೆಯಲ್ಲಿ, ಮೂಡುಬಿದಿರೆಯ ಕೆರೆಗೆ ಬಿಟ್ಟುದು ಫಲ್ಗುಣಿಯನ್ನೂ, ಬಂಟ್ವಾಳದ ತೋಡಿಗೆ ಬಿಟ್ಟುದು ನೇತ್ರಾವತಿಯನ್ನೂ ಸೇರಲು ತಡವಿಲ್ಲ. ತೊಟ್ಟಿಯ ಪಾಚಿಯನ್ನು ತಿನ್ನಲೆಂದು ಮಾರುವ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಒಂದಡಿಗೂ ಮೀರಿ ಬೆಳೆಯುವುದು. ಹೀಗೆ ಬಿಡಲ್ಪಟ್ಟುದರಿಂದಲೇ ಅದು ಭಾರತದ ಅನೇಕ ನದಿಗಳಲ್ಲಿ ಬೇರೂರಿದೆ. ಆಫ್ರಿಕದ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರಕಾರವು ೨೦೦೦ದಲ್ಲಿ ನಿಷೇಧಿಸಬೇಕಾಗಿ ಬಂದುದು ಇಂಥ ಕಾರಣದಿಂದಲೇ. ಸೊಳ್ಳೆಯ ನಿವಾರಣೆಗೆಂದು ೧೯೦೮ರಲ್ಲಿ ಗಪ್ಪಿಯೂ ೧೯೨೮ರಲ್ಲಿ ಗಂಬೂಸಿಯವೂ ಭಾರತಕ್ಕೆ ಬಂದುವು. ಸೊಳ್ಳೆಯ ಮರಿಹುಳುಗಳನ್ನು ತಿನ್ನುವ ಆ ಕೆಲಸವನ್ನು ನಮ್ಮ ತೋಡಿನ ಪಂಚಾಕ್ಸ್ ಮೀನೂ ಮಾಡಬಲ್ಲುದು. ಬೇಡವಾದ ಮೀನನ್ನು ಬೇರೊಬ್ಬ ಹವ್ಯಾಸಿಗಾಗಲಿ ಅಂಗಡಿಯವನಿಗಾಗಲಿ ಒಪ್ಪಿಸುವುದೇ ತಕ್ಕ ಮಾರ್ಗ.

ತಕ್ಕ ಕಾಲ, ಮತ್ತು ಲಾಭದ ಮಾತು

ಆರಂಭಕ್ಕೆ ಅಕ್ಟೋಬರ್ ನವೆಂಬರ್ ತಿಂಗಳುಗಳು ಪ್ರಶಸ್ತ. ಆಗ ಬಾವಿಯಲ್ಲಿ ನೀರು ತುಂಬಿ ತಿಳಿಯಾಗಿರುವುದು, ಮೈಲುತುತ್ತಿನ ಸಿಂಪರಣೆಯು ಮುಗಿದಿರುವುದು, ವಿದ್ಯುತ್ತು ಸಹ ನೆಚ್ಚಿಕೆಗೆ ಬರುವುದು. ಆಗ ತೊಟ್ಟಿಯನ್ನು ಸಿದ್ಧಪಡಿಸಿದವನು ವರ್ಷಾಂತ್ಯದೊಳಗೆ ಮೀನುಗಳನ್ನು ಬಿಟ್ಟು, ಏಪ್ರಿಲ್ ಮೇ ತಿಂಗಳುಗಳ ನೀರಿನ ಅಭಾವಕ್ಕೂ ಮುಂದಿನ ಮಳೆಗಾಲಕ್ಕೂ ಮೊದಲೇ ಕೈ ಪಳಗಿಸಿಕೊಂಡಿರುವನು.

ಅಲಂಕಾರದ ಮೀನುಗಳನ್ನು ಮರಿಮಾಡಿಸಿ ಮಾರುವುದು ತೋಟದ ಮನೆಗಳಿಗೆ ಒಳ್ಳೆಯ ಉಪಕಸುಬಾಗಬಲ್ಲುದು. ೨೦೨೦ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲ ಘಟಕವೊಂದಕ್ಕೆ ಮೂರು ಲಕ್ಷ ರೂಪಾಯಿಗಳ ವೆಚ್ಚವನ್ನು ಗೊತ್ತುಪಡಿಸಿ, ಅದರಲ್ಲಿ ಶೇಕಡಾ ೪೦ರಷ್ಟನ್ನೂ, ಸ್ತ್ರೀಯರಿಗೂ ಪರಿಶಿಷ್ಟ ಜಾತಿ ಪಂಗಡಗಳವರಿಗೂ ಶೇಕಡಾ ೬೦ರಷ್ಟನ್ನೂ ಸಹಾಯಧನವಾಗಿ ನಿಗದಿಮಾಡಲಾಗಿತ್ತು. ಈಗಿನ ಸೌಲಭ್ಯಗಳನ್ನು ತಾಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ವಿಚಾರಿಸಬಹುದು. ೧೯೬೯ರಲ್ಲಿ ಸ್ಥಾಪಿತವಾದ ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯವು ಈ ಶಾಸ್ತ್ರಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಇರುವ ಹಿರಿಯ ವಿದ್ಯಾಸ್ಥಾನ.

ಆದರೆ ಒಂದು ತೊಟ್ಟಿಯನ್ನು ಒಂದು ಪೂರ್ಣ ವರ್ಷ, ಮಳೆ ಚಳಿ ಬೇಸಗೆಗಳಲ್ಲಿ, ಮೀನುಗಳಿಗೆ ಹಾನಿಯಾಗದಂತೆ ನಡೆಯಿಸಿದ ಹೊರತು ಯಾರೂ ಸಾಲಮಾಡಿ ಹತ್ತು ತೊಟ್ಟಿಗಳನ್ನು ಕಟ್ಟಿಸಬಾರದು. ಒಂದು ತೊಟ್ಟಿಯಲ್ಲಿ ನೀರಿನ ಗುಣವನ್ನು ಅರಿತವನಿಗೆ ಹತ್ತು ತೊಟ್ಟಿಗಳಿಂದ ಲಾಭವುಂಟು. ಅರಿಯದವನಿಗೆ ನಷ್ಟವೇ ಹತ್ತುಪಾಲಾಗುವುದು.